ಸಹಿ ಹಾಕಿದ ಮೇಲೆ ದನಿ ಯಾರದು?

ಅಮೆರಿಕದಲ್ಲಿರುವ ಕನ್ನಡಿಗರ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಈಚೆಗೆ ಒಂದು ಬಗೆಯ ಕರೆ ಆಗಾಗ ಸುಳಿದಾಡುತ್ತಿರುತ್ತದೆ. ಕನ್ನಡ ಮಾತೃಭಾಷೆಯವರು ಬೇಕಾಗಿದ್ದಾರೆ. ಮನೆಯಲ್ಲೇ ಕುಳಿತು ಕೆಲವು ನೂರು ವಾಕ್ಯಗಳನ್ನು ಓದಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳುಹಿಸಿದರೆ ಸಂಭಾವನೆ ಸಿಗುತ್ತದೆ ಎಂಬುದು ಅದರ ಸಾರ. ಯಂತ್ರಗಳಿಗೆ ಕನ್ನಡ ಕಲಿಸುವ ಈ ಕೆಲಸ ಭಾಷೆಯ ದೃಷ್ಟಿಯಿಂದ ಬೇಕಾದದ್ದೇ. ಇಂಗ್ಲಿಷಿಗೆ ಸಿಕ್ಕ ಸೌಲಭ್ಯಗಳು ಕನ್ನಡಕ್ಕೂ ದೊರೆಯಬೇಕಾದರೆ ಯಾರಾದರೂ ಓದಿಕೊಡಲೇಬೇಕು. ಆದರೆ ಮೊದಲ ವಾಕ್ಯವನ್ನು ಓದುವ ಮುನ್ನ ಪರದೆಯ ಮೇಲೆ ಒಂದು ಒಪ್ಪಿಗೆ ಪತ್ರ ಮೂಡುತ್ತದೆ. ಅಂಥ ಪತ್ರಗಳ ನಡುವೆ ಎಲ್ಲೋ ಒಂದು ಕಡೆ, ಈ ಧ್ವನಿಯನ್ನು ಈಗಿರುವ ಮತ್ತು ಮುಂದೆ ಬರಬಹುದಾದ ಯಾವುದೇ ತಂತ್ರಜ್ಞಾನದಲ್ಲಿ, ಜಗತ್ತಿನ ಎಲ್ಲೆಡೆ, ಶಾಶ್ವತವಾಗಿ, ಹಿಂಪಡೆಯಲಾಗದಂತೆ ಬಳಸುವ ಹಕ್ಕು ಕಂಪನಿಗೆ ಸೇರಿದೆ ಎಂಬರ್ಥದ ಸಾಲು ಇರುತ್ತದೆ. ಅದನ್ನು ಓದಿ ಸಹಿ ಹಾಕುವವರು ಎಷ್ಟು ಮಂದಿ?

ವಿದೇಶಕ್ಕೆ ಬರಲು ಸಿದ್ಧರಾಗುತ್ತಿರುವವರೂ, ಊರಿನಲ್ಲಿ ಕುಳಿತೇ ಇಲ್ಲಿನ ಕಂಪನಿಗಳಿಗೆ ಇಂಥ ಕೆಲಸ ಮಾಡಿಕೊಡುವವರೂ ತಿಳಿದಿರಬೇಕಾದ ಸಂಗತಿ ಇದು. ನಾನು ವಕೀಲಿ ವೃತ್ತಿಯವನಲ್ಲ. ಈ ವಿಷಯವನ್ನು ಕೆಲವು ಕಾಲದಿಂದ ಆಸಕ್ತಿಯಿಂದ ಗಮನಿಸುತ್ತಾ ಬಂದಿದ್ದೇನೆ. ನಾನು ಕಂಡುಕೊಂಡದ್ದನ್ನು ಹೀಗೆ ಹೇಳಬಹುದು: ನಮ್ಮ ಮುಖವನ್ನೂ ದನಿಯನ್ನೂ ಕೇಳದೆ ಕದ್ದವರ ವಿರುದ್ಧ ಅಮೆರಿಕದ ಕಾನೂನು ತಕ್ಕಮಟ್ಟಿಗೆ ಗಟ್ಟಿಯಾಗಿದೆ. ಆದರೆ ನಾವೇ ಸಹಿ ಹಾಕಿ ಬರೆದುಕೊಟ್ಟದ್ದರಿಂದ ನಮ್ಮನ್ನು ಕಾಪಾಡುವುದನ್ನು ಅದು ಈಗಷ್ಟೇ ಕಲಿಯುತ್ತಿದೆ.

ಹಿಟ್ಟಿನ ಜಾಹೀರಾತಿನಿಂದ ಆರಂಭ

ಈ ಹಕ್ಕಿನ ಕಥೆ ಶುರುವಾಗುವುದು ಚಿತ್ರತಾರೆಯರಿಂದಲ್ಲ, ಒಬ್ಬ ಸಾಮಾನ್ಯ ಹುಡುಗಿಯಿಂದ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದ ಅಬಿಗೈಲ್ ರಾಬರ್ಸನ್ ಎಂಬಾಕೆಯ ಭಾವಚಿತ್ರವನ್ನು ಹಿಟ್ಟಿನ ಕಂಪನಿಯೊಂದು ಆಕೆಯನ್ನು ಕೇಳದೆಯೇ ಸುಮಾರು 25,000 ಭಿತ್ತಿಪತ್ರಗಳಲ್ಲಿ ಮುದ್ರಿಸಿ ಅಂಗಡಿ, ಗೋದಾಮುಗಳಲ್ಲಿ ತೂಗುಹಾಕಿತು. ಪರಿಚಿತರೆಲ್ಲ ಗುರುತಿಸಿದರು. ಅವಮಾನದಿಂದ ಹಾಸಿಗೆ ಹಿಡಿದೆನೆಂದು ಆಕೆ ನ್ಯಾಯಾಲಯದ ಮೆಟ್ಟಿಲೇರಿದಳು. 1902ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ನಾಲ್ಕು–ಮೂರರ ಬಹುಮತದಿಂದ, ಇಂಥದೊಂದು ಹಕ್ಕು ಕಾನೂನಿನಲ್ಲಿ ಇಲ್ಲವೆಂದು ಹೇಳಿ ಆಕೆಯ ದಾವೆಯನ್ನು ತಳ್ಳಿಹಾಕಿತು. ಸಾರ್ವಜನಿಕರ ಆಕ್ರೋಶ ಎಷ್ಟಿತ್ತೆಂದರೆ ಮರುವರ್ಷವೇ, 1903ರಲ್ಲಿ, ಶಾಸನಸಭೆ ಹೊಸ ಕಾನೂನು ತಂದಿತು: ಬದುಕಿರುವ ವ್ಯಕ್ತಿಯ ಹೆಸರನ್ನಾಗಲಿ ಚಿತ್ರವನ್ನಾಗಲಿ ಲಿಖಿತ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಅಥವಾ ವ್ಯಾಪಾರಕ್ಕೆ ಬಳಸುವುದು ಅಪರಾಧ. ಆ ಕಾನೂನು ಇಂದಿಗೂ ಜೀವಂತವಾಗಿದೆ. ಧ್ವನಿ ಅದಕ್ಕೆ ಸೇರಿದ್ದು 1990ರ ದಶಕದಲ್ಲಿ.

ಆಗ ಅದು ಖಾಸಗಿತನದ ಪ್ರಶ್ನೆಯಾಗಿತ್ತು: ನನ್ನ ಪಾಡಿಗೆ ನನ್ನನ್ನು ಬಿಡಿ ಎಂಬ ಬೇಡಿಕೆ. 1953ರಲ್ಲಿ ಅದು ಸ್ವತ್ತಿನ ಪ್ರಶ್ನೆಯೂ ಆಯಿತು. ಚ್ಯೂಯಿಂಗ್ ಗಮ್ ಪೊಟ್ಟಣಗಳೊಂದಿಗೆ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಹಂಚುತ್ತಿದ್ದ ಎರಡು ಕಂಪನಿಗಳ ಜಗಳದಲ್ಲಿ ನ್ಯಾಯಾಧೀಶ ಜೆರೋಮ್ ಫ್ರಾಂಕ್, ತನ್ನ ಚಿತ್ರಕ್ಕಿರುವ ವಾಣಿಜ್ಯ ಮೌಲ್ಯದ ಮೇಲೆ ವ್ಯಕ್ತಿಗೆ ಹಕ್ಕಿದೆ ಎಂದು ಹೇಳಿ ಅದಕ್ಕೆ ‘ರೈಟ್ ಆಫ್ ಪಬ್ಲಿಸಿಟಿ’ ಎಂಬ ಹೆಸರು ಕೊಟ್ಟರು. ಸ್ವತ್ತು ಎಂದಮೇಲೆ ಅದನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು. ಕೆಲವು ರಾಜ್ಯಗಳಲ್ಲಿ ಮಕ್ಕಳಿಗೆ ಬಿಟ್ಟುಹೋಗಲೂಬಹುದು. ನಮ್ಮ ಇಂದಿನ ಬಿಕ್ಕಟ್ಟಿನ ಬೀಜ ಇರುವುದೂ ಇಲ್ಲೇ. ಮಾರಬಹುದಾದ ವಸ್ತುವನ್ನು ಅಗ್ಗಕ್ಕೆ ಮಾರಿಕೊಳ್ಳಲೂ ಸಾಧ್ಯ.

ರಾಜ್ಯಕ್ಕೊಂದು ನ್ಯಾಯ

ಹೊಸದಾಗಿ ಬರುವವರು ಗಮನಿಸಬೇಕಾದ ಮೊದಲ ಅಂಶವೆಂದರೆ, ಇಡೀ ಅಮೆರಿಕಕ್ಕೆ ಅನ್ವಯಿಸುವ ಒಂದೇ ಕಾನೂನು ಈ ವಿಷಯದಲ್ಲಿ ಇಲ್ಲ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಶಾಸನದಿಂದಲೋ ನ್ಯಾಯಾಲಯಗಳ ತೀರ್ಪಿನಿಂದಲೋ ಈ ಹಕ್ಕನ್ನು ಮನ್ನಿಸಿವೆ. ಆದರೆ ಒಂದರಂತೆ ಇನ್ನೊಂದಿಲ್ಲ. ಸತ್ತ ಮೇಲೆ ಈ ಹಕ್ಕು ಕ್ಯಾಲಿಫೋರ್ನಿಯಾದಲ್ಲಿ 70 ವರ್ಷ ಉಳಿಯುತ್ತದೆ, ನ್ಯೂಯಾರ್ಕಿನಲ್ಲಿ 40 ವರ್ಷ. ನೀವು ಎಲ್ಲಿ ನೆಲೆಸುತ್ತೀರಿ ಎಂಬುದರ ಮೇಲೆ ನಿಮ್ಮ ಮುಖದ ಬೆಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಕನ್ನಡಿಗರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾದ ಕಾನೂನನ್ನೇ ನೋಡೋಣ. ಅಲ್ಲಿನ ಸಿವಿಲ್ ಸಂಹಿತೆಯ 3344ನೇ ಕಲಮಿನ ಪ್ರಕಾರ, ಯಾರದೇ ಹೆಸರು, ದನಿ, ಸಹಿ, ಛಾಯಾಚಿತ್ರ ಅಥವಾ ಹೋಲಿಕೆಯನ್ನು ಮುಂಚಿತ ಒಪ್ಪಿಗೆಯಿಲ್ಲದೆ, ತಿಳಿದೂ ತಿಳಿದೂ ಸರಕಿನ ಮೇಲೆ ಅಥವಾ ಜಾಹೀರಾತಿನಲ್ಲಿ ಬಳಸಿದವರು ಪರಿಹಾರ ಕೊಡಬೇಕು. ಮಕ್ಕಳದಾದರೆ ಹೆತ್ತವರ ಅಥವಾ ಪೋಷಕರ ಒಪ್ಪಿಗೆ ಬೇಕು. ನಿಜವಾದ ನಷ್ಟ ಎಷ್ಟೇ ಕಡಿಮೆಯಿದ್ದರೂ ಕನಿಷ್ಠ 750 ಡಾಲರ್. ಜೊತೆಗೆ ಆ ಬಳಕೆಯಿಂದ ಬಂದ ಲಾಭದಲ್ಲಿಯೂ ಹಕ್ಕು. ‘ಯಾರದೇ’ ಎಂಬ ಮಾತನ್ನು ಗಮನಿಸಿ. ಇಲ್ಲಿ ಪ್ರಸಿದ್ಧಿಯ ಷರತ್ತಿಲ್ಲ, ಪೌರತ್ವದ ಷರತ್ತೂ ಇಲ್ಲ. ವಿದ್ಯಾರ್ಥಿ ವೀಸಾದಲ್ಲಿ ಬಂದ ಹುಡುಗನಿಗೂ, ಮಗಳ ಬಾಣಂತನಕ್ಕೆ ಬಂದ ತಾಯಿಗೂ ಅದು ಅನ್ವಯಿಸುತ್ತದೆ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಗೆದ್ದವರಿಗೆ ಸೋತವರು ವಕೀಲರ ಶುಲ್ಕ ಭರಿಸಬೇಕು. ಗೆದ್ದರೆ ಅದು ವರ. ಸೋತರೆ ದೊಡ್ಡ ಕಂಪನಿಯ ವಕೀಲರ ಬಿಲ್ಲು ನಮ್ಮ ತಲೆಯ ಮೇಲೆ ಬೀಳುತ್ತದೆ.

ಸಾಮಾನ್ಯರು ಈ ಕಲಮನ್ನು ಹಿಡಿದು ಹೋರಾಡಿದ್ದಕ್ಕೆ ಒಳ್ಳೆಯ ನಿದರ್ಶನ ಫೇಸ್‌ಬುಕ್ ಮೇಲಿನ ದಾವೆ. ಯಾವುದೋ ಕಂಪನಿಯ ಪುಟಕ್ಕೆ ‘ಲೈಕ್’ ಒತ್ತಿದವರ ಹೆಸರು ಮತ್ತು ಚಿತ್ರವನ್ನು ಅವರ ಸ್ನೇಹಿತರಿಗೆ ಜಾಹೀರಾತಿನಂತೆ ತೋರಿಸುವ ಪದ್ಧತಿಯನ್ನು ಅದು 2011ರಲ್ಲಿ ತಂದಿತ್ತು. ಕೆಲವು ಬಳಕೆದಾರರು ಎಲ್ಲರ ಪರವಾಗಿ ನ್ಯಾಯಾಲಯಕ್ಕೆ ಹೋದರು. 2013ರಲ್ಲಿ 2 ಕೋಟಿ ಡಾಲರುಗಳ ರಾಜಿಗೆ ನ್ಯಾಯಾಲಯದ ಅನುಮೋದನೆ ದೊರೆಯಿತು. ಅರ್ಜಿ ಹಾಕಿದ ಬಳಕೆದಾರರಿಗೆ ತಲಾ ಸಿಕ್ಕಿದ್ದು 15 ಡಾಲರ್. ಹಕ್ಕಿದೆ ಎಂದು ಸಾಬೀತಾಯಿತೇ ಎಂದರೆ ಹೌದೆನ್ನಬೇಕು. ಅದರ ಬೆಲೆ ಎಷ್ಟೆಂದರೆ, ಒಂದು ಹೊತ್ತಿನ ಊಟದಷ್ಟು.

ಅನುಕರಿಸಿದ ದನಿ

ಚಿತ್ರದ ವಿಷಯ ಇಷ್ಟಾದರೆ ದನಿಯದು ಇನ್ನೂ ಜಟಿಲ. 1980ರ ದಶಕದಲ್ಲಿ ಫೋರ್ಡ್ ಕಾರಿನ ಜಾಹೀರಾತಿಗೆ ಹಾಡಬೇಕೆಂದು ಗಾಯಕಿ ಬೆಟ್ ಮಿಡ್ಲರ್ ಅವರನ್ನು ಕೇಳಲಾಯಿತು; ಅವರು ಒಪ್ಪಲಿಲ್ಲ. ಜಾಹೀರಾತು ಸಂಸ್ಥೆ ಅವರ ಹಿನ್ನೆಲೆ ಗಾಯಕಿಯೊಬ್ಬರನ್ನು ಕರೆಸಿ, ಆದಷ್ಟೂ ಮಿಡ್ಲರ್ ಹಾಗೆಯೇ ಕೇಳಿಸುವಂತೆ ಹಾಡಿಸಿತು. ಹಾಡಿನ ಹಕ್ಕುಸ್ವಾಮ್ಯಕ್ಕೆ ಅನುಮತಿ ಪಡೆದಿದ್ದರಿಂದ ಅದರಲ್ಲಿ ತಪ್ಪಿರಲಿಲ್ಲ. 1988ರಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಸೂಕ್ಷ್ಮವಾದ ತೀರ್ಪು ಕೊಟ್ಟಿತು. 3344ನೇ ಕಲಮಿನಲ್ಲಿರುವ ‘ದನಿ’ ಎಂದರೆ ಆ ವ್ಯಕ್ತಿಯ ಅಸಲಿ ದನಿ, ಅನುಕರಣೆಯಲ್ಲ. ಆದ್ದರಿಂದ ಶಾಸನ ಇಲ್ಲಿ ನೆರವಿಗೆ ಬರುವುದಿಲ್ಲ. ಆದರೆ ವಿಶಿಷ್ಟವಾದ, ಜನರಿಗೆ ವ್ಯಾಪಕವಾಗಿ ಪರಿಚಿತವಾದ ದನಿಯನ್ನು ಸರಕು ಮಾರಲು ಬೇಕೆಂದೇ ಅನುಕರಿಸುವುದು ಸಾಮಾನ್ಯ ನ್ಯಾಯದ ಪ್ರಕಾರ ತಪ್ಪು. ಮುಂದೆ ಜ್ಯೂರಿ 4 ಲಕ್ಷ ಡಾಲರ್ ಪರಿಹಾರ ಕೊಡಿಸಿತು.

ಆ ತೀರ್ಪು ಕಲಾವಿದರಿಗೆ ಕವಚವಾಯಿತು. ಉಳಿದವರಿಗೆ? ನಿಮ್ಮ ಅಕ್ಕನ ದನಿ ಮನೆಮಂದಿಗೆಲ್ಲ ವಿಶಿಷ್ಟವೇ, ಆದರೆ ‘ವ್ಯಾಪಕವಾಗಿ ಪರಿಚಿತ’ವಲ್ಲ. ಹಿಂದೆ ಇದು ತೊಂದರೆಯಾಗಿರಲಿಲ್ಲ. ಅಪರಿಚಿತರ ದನಿಯನ್ನು ಅನುಕರಿಸಿ ಯಾರಿಗೂ ಲಾಭವಿರಲಿಲ್ಲ. ಈಗ ಲಾಭವಿದೆ. ಯಂತ್ರಕ್ಕೆ ಬೇಕಿರುವುದು ಪ್ರಸಿದ್ಧ ದನಿಯಲ್ಲ. ಸ್ಪಷ್ಟವಾದ, ನಂಬಿಕೆ ಹುಟ್ಟಿಸುವ, ಅಗ್ಗಕ್ಕೆ ಸಿಗುವ ದನಿ. ಇನ್ನು, ಅಸಲಿ ಧ್ವನಿಮುದ್ರಣದಿಂದ ಯಂತ್ರ ಹುಟ್ಟಿಸಿದ ಹೊಸ ಮಾತು ಅಸಲಿಯೋ ಅನುಕರಣೆಯೋ? ಹಳೆಯ ಕಾನೂನು ಬರೆದವರಿಗೆ ಈ ಪ್ರಶ್ನೆ ಹೊಳೆಯುವಂತಿರಲಿಲ್ಲ.

ನಮ್ಮ ಕನ್ನಡ ಕೂಟದ ಮೂಲಕ ಪರಿಚಿತರಾದ ಮಹಿಳೆಯೊಬ್ಬರು ಈ ಕಂದಕದಲ್ಲಿಯೇ ಸಿಲುಕಿದ್ದಾರೆ. 2022ರಲ್ಲಿ ಅವರು ಒಂದು ಸಣ್ಣ ಕಂಪನಿಗಾಗಿ ಕನ್ನಡದಲ್ಲಿ ದೂರವಾಣಿ ಸಂದೇಶಗಳನ್ನು ಓದಿಕೊಟ್ಟಿದ್ದರು: ಒಂದು ಒತ್ತಿರಿ, ಎರಡು ಒತ್ತಿರಿ, ದಯವಿಟ್ಟು ಕಾಯಿರಿ ಎಂಬಂಥವು. ಕಳೆದ ವರ್ಷ ದಾವಣಗೆರೆಯಿಂದ ಚಿಕ್ಕಪ್ಪನ ಮಗಳು ಕರೆ ಮಾಡಿ, ‘ಅಕ್ಕಾ, ಸಾಲ ಕೊಡೋ ಆ್ಯಪ್‌ಗೆ ನೀನ್ಯಾಕೆ ಮಾತಾಡಿದ್ದೀ?’ ಎಂದು ಕೇಳಿದಳಂತೆ. ಆ ಜಾಹೀರಾತಿನ ಒಂದು ಮಾತನ್ನೂ ಅವರು ಆಡಿರಲಿಲ್ಲ. ಊರಿನಲ್ಲಿ ಒಬ್ಬ ಸಂಬಂಧಿಕರಂತೂ ಅವರ ದನಿ ಕೇಳಿ ನಂಬಿಕೆಯಿಂದ ಸಾಲಕ್ಕೆ ಅರ್ಜಿ ಹಾಕಿಯೂ ಬಿಟ್ಟಿದ್ದರು. ಅವರು ತಂದು ತೋರಿಸಿದ ಕರಾರನ್ನು ನಾನೂ ಓದಿದೆ. ‘ಶಾಶ್ವತ’, ‘ಯಾವುದೇ ತಂತ್ರಜ್ಞಾನ’, ‘ಮೂರನೆಯವರಿಗೆ ವರ್ಗಾಯಿಸಬಹುದು’ ಎಲ್ಲವೂ ಅದರಲ್ಲಿದ್ದವು. ವಿವಾದ ಬಂದರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ಖಾಸಗಿ ಮಧ್ಯಸ್ಥಿಕೆಯಲ್ಲೇ ತೀರಬೇಕು ಎಂಬ ಷರತ್ತೂ ಇತ್ತು.

ಎಚ್ಚೆತ್ತ ಶಾಸನಗಳು

ಇಂಥ ಅನುಭವ ಅವರೊಬ್ಬರದಲ್ಲ. ನ್ಯೂಯಾರ್ಕಿನ ಇಬ್ಬರು ವೃತ್ತಿಪರ ಧ್ವನಿ ಕಲಾವಿದರು ಪಾಡ್‌ಕಾಸ್ಟ್ ಒಂದರಲ್ಲಿ ತಮ್ಮದೇ ಎನಿಸುವ ದನಿಯನ್ನು ಕೇಳಿ ಬೆರಗಾಗಿ, ಲೋವೋ ಎಂಬ ಕಂಪನಿಯ ಮೇಲೆ 2024ರಲ್ಲಿ ದಾವೆ ಹೂಡಿದರು. ಸೀಮಿತ ಉದ್ದೇಶಕ್ಕೆಂದು ಹೇಳಿ ಪಡೆದ ಧ್ವನಿಮುದ್ರಣದಿಂದ ತಮ್ಮ ದನಿಯ ಪ್ರತಿರೂಪ ಮಾಡಿ ಮಾರಲಾಗಿದೆ ಎಂಬುದು ಅವರ ಆರೋಪ. 2025ರ ಜುಲೈನಲ್ಲಿ ನ್ಯಾಯಾಲಯ ಕೇಂದ್ರದ ಟ್ರೇಡ್‌ಮಾರ್ಕ್ ಕಾನೂನಿನಡಿ ಅವರು ಎತ್ತಿದ್ದ ವಾದಗಳನ್ನು ತಳ್ಳಿಹಾಕಿತು. ಆದರೆ ನ್ಯೂಯಾರ್ಕ್ ರಾಜ್ಯದ ಕಾನೂನಿನಡಿ ದಾವೆ ಮುಂದುವರಿಯಬಹುದು ಎಂದಿತು. ಅಬಿಗೈಲ್ ರಾಬರ್ಸನ್ ಸೋತ ಮೇಲೆ ಹುಟ್ಟಿದ ಅದೇ 1903ರ ಕಾನೂನು, ಯಂತ್ರದ ದನಿಯ ಎದುರೂ ನಿಂತಿತು.

ಹಾಲಿವುಡ್ ಕಲಾವಿದರು 2023ರಲ್ಲಿ 118 ದಿನ ನಡೆಸಿದ ಮುಷ್ಕರದ ಮುಖ್ಯ ಬೇಡಿಕೆಗಳಲ್ಲಿ ಡಿಜಿಟಲ್ ಪ್ರತಿರೂಪಕ್ಕೆ ಒಪ್ಪಿಗೆ ಮತ್ತು ಸಂಭಾವನೆಯೂ ಸೇರಿತ್ತು. ಸಂಗೀತದ ನೆಲೆಯಾದ ಟೆನೆಸಿ ರಾಜ್ಯ 2024ರ ಮಾರ್ಚ್‌ನಲ್ಲಿ ‘ಎಲ್ವಿಸ್ ಕಾಯ್ದೆ’ಗೆ ಅಂಕಿತ ಹಾಕಿತು, ಜುಲೈ 1ರಿಂದ ಅದು ಜಾರಿಯಲ್ಲಿದೆ. ಮಿಡ್ಲರ್ ತೀರ್ಪು ಬಿಟ್ಟಿದ್ದ ಕಂದಕವನ್ನು ಅದು ಮುಚ್ಚುತ್ತದೆ. ಅದರಲ್ಲಿ ದನಿ ಎಂದರೆ ಅಸಲಿ ದನಿಯೂ ಹೌದು, ಅದರ ಅನುಕರಣೆಯೂ ಹೌದು; ಗುರುತಿಸಬಹುದಾದ ದನಿಯಾಗಿದ್ದರೆ ಸಾಕು, ಅದು ಯಾವ ವ್ಯಕ್ತಿಯದಾದರೂ ಆದೀತು.

ನಮ್ಮ ಮಟ್ಟಿಗೆ ಇನ್ನೂ ಮುಖ್ಯವಾದದ್ದು ಕ್ಯಾಲಿಫೋರ್ನಿಯಾ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ ಎಬಿ 2602 ಎಂಬ ಮಸೂದೆ. ಅದು ಕೈ ಹಾಕಿರುವುದು ಕಳ್ಳತನಕ್ಕಲ್ಲ, ಕರಾರಿಗೆ. ವ್ಯಕ್ತಿ ಖುದ್ದಾಗಿ ಮಾಡಬಹುದಾಗಿದ್ದ ಕೆಲಸವನ್ನು ಅವರ ಡಿಜಿಟಲ್ ಪ್ರತಿರೂಪದಿಂದ ಮಾಡಿಸಲು ಅವಕಾಶ ಕೊಡುವ ಷರತ್ತು, ಆ ಬಳಕೆ ಏನೆಂದು ತಕ್ಕಷ್ಟು ನಿರ್ದಿಷ್ಟವಾಗಿ ಹೇಳದಿದ್ದರೆ, ಮತ್ತು ಸಹಿ ಹಾಕಿದವರ ಪರವಾಗಿ ವಕೀಲರಾಗಲಿ ಕಾರ್ಮಿಕ ಸಂಘವಾಗಲಿ ಇಲ್ಲದಿದ್ದರೆ, ಅಂಥ ಷರತ್ತನ್ನು ಜಾರಿಗೊಳಿಸಲಾಗದು. 2025ರ ಜನವರಿ 1ರಿಂದ ಈಚೆಗೆ ಪ್ರತಿರೂಪದಿಂದ ಸೃಷ್ಟಿಸಿದ ಹೊಸ ಪ್ರದರ್ಶನಗಳಿಗೆ ಇದು ಅನ್ವಯಿಸುತ್ತದೆ. ಅಂದರೆ ಕಾನೂನು ಎಣಿಸುವುದು ಕರಾರಿನ ತಾರೀಖನ್ನಲ್ಲ, ಯಂತ್ರ ಹೊಸದಾಗಿ ಮಾತನಾಡಿದ ತಾರೀಖನ್ನು. ಆ ಮಹಿಳೆಯ 2022ರ ಕಾಗದಕ್ಕೂ ಇದರಿಂದ ಬಿಡುಗಡೆಯ ಬಾಗಿಲು ತೆರೆಯಬಹುದು ಎಂಬ ಆಸೆ ಹುಟ್ಟಿದ್ದು ಇಲ್ಲೇ.

ಆದರೂ ಅವರು ಹಿಂಜರಿದರು. ಕಾರಣ ಕಾನೂನಿನಲ್ಲಿರಲಿಲ್ಲ, ವೀಸಾದಲ್ಲಿತ್ತು. ಧ್ವನಿ ಕೊಟ್ಟಾಗ ಅವರು ಎಚ್–4 ವೀಸಾದಲ್ಲಿದ್ದರು, ಉದ್ಯೋಗದ ಪರವಾನಗಿ ಇರಲಿಲ್ಲ. ಮನೆಯಲ್ಲಿ ಕುಳಿತು ಒಂದಿಷ್ಟು ಓದಿಕೊಟ್ಟರೆ ಅದೇನು ಉದ್ಯೋಗವೇ ಎಂದು ಅನೇಕರು ಭಾವಿಸುತ್ತಾರೆ. ಆದರೆ ಇಲ್ಲಿದ್ದುಕೊಂಡು ಹಣಕ್ಕೆ ಮಾಡಿದ ಕೆಲಸ ಮನೆಯಿಂದ ಮಾಡಿದರೂ ಕೆಲಸವೇ. ಎಫ್–1 ವಿದ್ಯಾರ್ಥಿಗಳಿಗೂ, ಒಂದೇ ಉದ್ಯೋಗದಾತರಿಗೆ ಕಟ್ಟುಬಿದ್ದ ಎಚ್–1ಬಿ ನೌಕರರಿಗೂ ಈ ಎಚ್ಚರಿಕೆ ಸಲ್ಲುತ್ತದೆ. ದಾವೆ ಹೂಡುವ ಹಕ್ಕನ್ನು ವೀಸಾ ಕಿತ್ತುಕೊಳ್ಳುವುದಿಲ್ಲ. ಆದರೆ ದಾವೆಯಲ್ಲಿ ‘ಈ ಕೆಲಸ ನಾನು ಮಾಡಿದೆ’ ಎಂದು ಬರೆದುಕೊಡಬೇಕಾಗುತ್ತದೆ. ಮೋಸ ಹೋದವರು ಬಾಯಿ ಮುಚ್ಚಿಕೊಳ್ಳಲು ಅಷ್ಟು ಸಾಕು. ಕೊನೆಗೆ ಅವರು ವಕೀಲರಿಂದ ಒಂದು ನೋಟಿಸ್ ಕೊಡಿಸಿದರು. ಜಾಹೀರಾತು ಮಾಯವಾಯಿತು, ಉತ್ತರ ಮಾತ್ರ ಬರಲಿಲ್ಲ. ದನಿಯ ಪ್ರತಿರೂಪ ಯಾವ ಕಂಪ್ಯೂಟರಿನಲ್ಲಿ ಉಳಿದಿದೆಯೋ ಅವರಿಗೆ ಗೊತ್ತಿಲ್ಲ.

ಊರಿನಲ್ಲಿದ್ದೇ ಸಹಿ ಹಾಕುವವರಿಗೆ

ಭಾರತದಲ್ಲಿ ಈ ಹಕ್ಕಿಗೆ ಪ್ರತ್ಯೇಕ ಶಾಸನವಿಲ್ಲ. ನ್ಯಾಯಾಲಯಗಳೇ ಅದನ್ನು ಕಟ್ಟುತ್ತಾ ಬಂದಿವೆ. ಒಪ್ಪಿಗೆಯಿಲ್ಲದೆ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1994ರ ರಾಜಗೋಪಾಲ್ ಪ್ರಕರಣದಲ್ಲೇ ಗುರುತಿಸಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿ ಪ್ರಸಿದ್ಧವಾದ 2017ರ ಆಗಸ್ಟ್ 24ರ ತೀರ್ಪಿನಲ್ಲಿ, ತನ್ನ ಗುರುತಿನ ವಾಣಿಜ್ಯ ಬಳಕೆಯ ಮೇಲೆ ವ್ಯಕ್ತಿಗೇ ಹಿಡಿತವಿರಬೇಕೆಂಬ ಮಾತನ್ನು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಬರೆದರು. ಆ ಬಳಿಕ ಅಮಿತಾಭ್ ಬಚ್ಚನ್ 2022ರಲ್ಲಿ, ಅನಿಲ್ ಕಪೂರ್ 2023ರಲ್ಲಿ ದೆಹಲಿ ಹೈಕೋರ್ಟಿನಿಂದ, ಗಾಯಕ ಅರಿಜಿತ್ ಸಿಂಗ್ 2024ರಲ್ಲಿ ಬಾಂಬೆ ಹೈಕೋರ್ಟಿನಿಂದ ತಡೆಯಾಜ್ಞೆ ಪಡೆದರು. ಅರಿಜಿತ್ ಪ್ರಕರಣದಲ್ಲಿ ಪ್ರಶ್ನೆ ಎದ್ದಿದ್ದೇ ಯಂತ್ರದಿಂದ ಅವರ ದನಿ ಹುಟ್ಟಿಸುವ ಸಾಧನಗಳ ಬಗ್ಗೆ.

ಇವರೆಲ್ಲ ಹೈಕೋರ್ಟಿನ ಬಾಗಿಲು ತಟ್ಟಬಲ್ಲವರು. ಹಾಗೆಂದು ಹೆಸರಿದ್ದವರೂ ಸುರಕ್ಷಿತರಲ್ಲ. ಎನ್.ಆರ್. ನಾರಾಯಣ ಮೂರ್ತಿಯವರು ತಮ್ಮ ಹೆಸರಿನಲ್ಲಿ ಹರಿದಾಡುತ್ತಿದ್ದ ಹೂಡಿಕೆ ಆ್ಯಪ್‌ಗಳ ನಕಲಿ ವಿಡಿಯೊಗಳನ್ನು ನಂಬಬೇಡಿ ಎಂದು 2023ರ ಡಿಸೆಂಬರ್‌ನಲ್ಲಿ ಖುದ್ದಾಗಿ ಜನರನ್ನು ಎಚ್ಚರಿಸಬೇಕಾಯಿತು. ಸತ್ತವರ ಹಕ್ಕಿನ ವಿಷಯದಲ್ಲಂತೂ ಎರಡು ದೇಶಗಳ ದಾರಿ ಬೇರೆ ಬೇರೆ. ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ್ದ ದಾವೆಯಲ್ಲಿ, ಇಂಥ ಹಕ್ಕು ವ್ಯಕ್ತಿಯೊಂದಿಗೇ ಕೊನೆಗೊಳ್ಳುತ್ತದೆ ಎಂಬ ನಿಲುವನ್ನು ದೆಹಲಿ ಹೈಕೋರ್ಟ್ 2023ರಲ್ಲಿ ತಾಳಿತು.

ಇದೇ ತಂತ್ರಜ್ಞಾನ ಕನ್ನಡಿಗರ ಕಣ್ಣು ತೇವಗೊಳಿಸಿದ್ದೂ ಉಂಟು. ಪುನೀತ್ ರಾಜ್‌ಕುಮಾರ್ ನಿಧನರಾದ ಮೇಲೆ 2022ರಲ್ಲಿ ತೆರೆಕಂಡ ‘ಜೇಮ್ಸ್’ ಚಿತ್ರದಲ್ಲಿ ಅವರ ಪಾತ್ರಕ್ಕೆ ಮೊದಲು ಅಣ್ಣ ಶಿವರಾಜ್‌ಕುಮಾರ್ ದನಿಯಾಗಿದ್ದರು. ಬಳಿಕ ತಂತ್ರಜ್ಞಾನದ ನೆರವಿನಿಂದ ಪುನೀತರ ದನಿಯನ್ನೇ ಮರುಸೃಷ್ಟಿಸಿ ಚಿತ್ರವನ್ನು ಮತ್ತೆ ತೋರಿಸಲಾಯಿತು. ಆ ಮಾತುಗಳನ್ನು ಅವರು ತಾವೇ ಒಪ್ಪಿ ಅಭಿನಯಿಸಿದ್ದರು. ಸಾಲದ ಆ್ಯಪ್‌ಗೂ ಅದಕ್ಕೂ ಇರುವ ಅಂತರ ಇಷ್ಟೇ, ಆದರೆ ಇದು ಸಣ್ಣ ಅಂತರವಲ್ಲ.

ಅಮೆರಿಕದ ಕಾಂಗ್ರೆಸ್ಸಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ‘ನೋ ಫೇಕ್ಸ್’ ಮಸೂದೆ 2025ರ ಏಪ್ರಿಲ್‌ನಲ್ಲಿ ಮತ್ತೆ ಮಂಡನೆಯಾಗಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವ ಅವಕಾಶ ಇರಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂಥವು. ‘ಹಿಂಪಡೆಯಲಾಗದು’ ಎನ್ನುವ ಕರಾರಿಗೂ ‘ಹಿಂಪಡೆಯಬಹುದು’ ಎನ್ನುವ ಕಾಯ್ದೆಗೂ ಮುಂದೊಂದು ದಿನ ಮುಖಾಮುಖಿಯಾಗುವುದು ಖಚಿತ.

ಅಲ್ಲಿಯವರೆಗೆ ನಮ್ಮ ರಕ್ಷಣೆ ಸಹಿಗೆ ಮುಂಚಿನ ಕೆಲವು ನಿಮಿಷಗಳಲ್ಲೇ ಇದೆ. ಮೈಸೂರಿನಲ್ಲಿರಲಿ, ಸನ್ನಿವೇಲಿನಲ್ಲಿರಲಿ, ಮುಖ ಅಥವಾ ದನಿ ಕೊಡುವ ಮೊದಲು ಐದು ಪ್ರಶ್ನೆಗಳಿಗೆ ಕರಾರಿನಲ್ಲಿ ಉತ್ತರ ಹುಡುಕಿ. ಯಾವ ಬಳಕೆಗೆ? ಎಷ್ಟು ವರ್ಷಕ್ಕೆ? ಇದರಿಂದ ನನ್ನ ದನಿಯ ಪ್ರತಿರೂಪ ಮಾಡುವಂತಿದೆಯೇ? ಮೂರನೆಯವರಿಗೆ ಮಾರಬಹುದೇ? ಜಗಳವಾದರೆ ಯಾವ ದೇಶದ, ಯಾವ ರಾಜ್ಯದ ಕಾನೂನು? ಉತ್ತರವಿಲ್ಲದಿದ್ದರೆ ಬರೆದು ಕೇಳಿ. ‘ಪ್ರತಿರೂಪ ಮಾಡುವಂತಿಲ್ಲ’ ಎಂಬ ಒಂದು ಸಾಲು ಸೇರಿಸಲು ಕೇಳಿ. ಒಳ್ಳೆಯ ಸಂಸ್ಥೆಗಳು ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಸಹಿ ಹಾಕಿದ ಕಾಗದದ ಒಂದು ಪ್ರತಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ನಮ್ಮ ಪರಿಚಿತರ ವಕೀಲರು ಮೊಟ್ಟಮೊದಲು ಕೇಳಿದ್ದು ಅದನ್ನೇ. ಅದು ಅವರ ಬಳಿ ಇದ್ದುದರಿಂದಲೇ ನೋಟಿಸ್ ಕೊಡಲು ಸಾಧ್ಯವಾಯಿತು.